ಹರಮುಖ್ ಬೆಟ್ಟದ ಹಿಂದಿನ ದಾರಿ: ವಿಶನ್‌ಸರ್‌ನಿಂದ ಗಡ್‌ಸರ್‌ಗೆ

ಕಾಶ್ಮೀರದ ಸೋನಮರ್ಗ್‌ನಿಂದ ನಾರಾನಾಗ್‌ಗೆ ರಸ್ತೆಯಲ್ಲಿ ಹೋದರೆ ಒಂದೆರಡು ಗಂಟೆಯ ಹಾದಿ. ಸಿಂಧ್ ನದಿಯ ಪಕ್ಕದಲ್ಲೇ ಇಳಿದು, ಕಂಗನ್ ಹತ್ತಿರ ಬಲಕ್ಕೆ ತಿರುಗಿದರೆ ಆಯಿತು. ಅದೇ ನಾರಾನಾಗ್‌ಗೆ ಹರಮುಖ್ ಬೆಟ್ಟದ ಹಿಂದಿನಿಂದ ನಡೆದುಕೊಂಡು ಹೋಗುವ ದಾರಿಯೂ ಇದೆ. ಅದು ಸುಮಾರು 70 ಕಿಲೋಮೀಟರ್. ದಾರಿಯಲ್ಲಿ ಒಂದೂ ಊರಿಲ್ಲ. ಮೂರು ಎತ್ತರದ ಪಾಸ್‌ಗಳನ್ನು, ಅಂದರೆ ಬೆಟ್ಟದ ಸಾಲು ದಾಟುವ ಸಂದುಗಳನ್ನು, ಹತ್ತಿ ಇಳಿಯಬೇಕು, ಸಾಲು ಸಾಲು ಸರೋವರಗಳ ದಂಡೆ ಹಿಡಿದು ಸಾಗಬೇಕು. ಕಾಶ್ಮೀರ್ ಗ್ರೇಟ್ ಲೇಕ್ಸ್ ಅಂತ ಚಾರಣದವರು ಕರೆಯುವುದು ಇದನ್ನೇ.

2023ರ ಆಗಸ್ಟ್‌ನಲ್ಲಿ ನಾನು, ತಂಗಿ ಮತ್ತು ಬೆಂಗಳೂರಿನ ಕೆಲವು ಗೆಳೆಯರು ಈ ದಾರಿಯಲ್ಲಿ ನಡೆದೆವು. ನಮ್ಮ ಊರು ಕೊಪ್ಪದ ಹತ್ತಿರ. ಆಗಸ್ಟ್ ಅಂದರೆ ನಮ್ಮಲ್ಲಿ ಬಟ್ಟೆ ಒಣಗದ ತಿಂಗಳು. ಆದರೆ ಕಾಶ್ಮೀರಕ್ಕೆ ಮುಂಗಾರಿನ ಜೋರು ಅಷ್ಟಾಗಿ ತಲುಪುವುದಿಲ್ಲ. ದಾರಿಯ ಹಿಮ ಕರಗಿ, ಹುಲ್ಲು ಎದ್ದು, ಹೂ ಬಿಡುವ ಕಾಲ ಅದು. ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಾತ್ರ ಈ ದಾರಿ ಚೆನ್ನಾಗಿ ತೆರೆದಿರುತ್ತದೆ.

ಮೊದಲ ದಿನ: ನಿಚ್ನಾಯ್

ಸೋನಮರ್ಗ್ ಶ್ರೀನಗರದಿಂದ 80 ಕಿಲೋಮೀಟರ್ ದೂರ, ಲೇಹ್‌ಗೆ ಹೋಗುವ ಹೆದ್ದಾರಿಯಲ್ಲೇ ಇದೆ. ಅದರ ಹತ್ತಿರದ ಶಿಟ್ಕಡಿಯಿಂದ ನಡಿಗೆ ಶುರು. ಸಾಮಾನು ಹೊರಲು ಕುದುರೆಗಳು, ದಾರಿ ತೋರಿಸಲು ಕಂಗನ್ ಕಡೆಯ ಒಬ್ಬ ಗೈಡ್. ಅವರಿಗೆ ಐವತ್ತು ದಾಟಿತ್ತು. ಮಾತು ಕಡಿಮೆ. ಕೇಳಿದ ಪ್ರಶ್ನೆಗೆ ಸ್ವಲ್ಪ ಯೋಚಿಸಿಯೇ ಉತ್ತರ ಕೊಡುವವರು.

ಮೊದಲ ಏರು ಹುಲ್ಲುಗಾವಲಿನಲ್ಲಿ. ಹಿಂತಿರುಗಿ ನೋಡಿದರೆ ನದಿಯ ಆಚೆ ಥಾಜಿವಾಸ್ ಹಿಮನದಿಗಳು ಬಂಡೆಯ ಸಂದುಗಳಲ್ಲಿ ಬಿಳಿಯಾಗಿ ತೂಗುತ್ತಿದ್ದವು. ಕೆಳಗೆ ಸಿಂಧ್. ಲಡಾಖ್‌ನಲ್ಲಿ ಹರಿಯುವ ದೊಡ್ಡ ಸಿಂಧೂ ನದಿ ಬೇರೆ, ಇದು ಬೇರೆ. ಇದು ಇಲ್ಲೇ ಹುಟ್ಟಿ, ಶಾದಿಪುರದ ಹತ್ತಿರ ಝೇಲಂ ಸೇರುತ್ತದೆ. ಇದನ್ನು ಮೊದಲೇ ಹೇಳಲು ಕಾರಣ ಇದೆ. ಈ ನಡಿಗೆಯ ಉದ್ದಕ್ಕೂ ನನ್ನ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ: ಈ ನೀರು ಎಲ್ಲಿಗೆ ಹೋಗುತ್ತದೆ?

ಮಧ್ಯಾಹ್ನದ ಹೊತ್ತಿಗೆ ಭೂರ್ಜ ಮರಗಳ ಕಾಡು ಸಿಕ್ಕಿತು. ಬಿಳಿ ಕಾಂಡ. ತೊಗಟೆ ತೆಳ್ಳಗೆ ಪದರ ಪದರವಾಗಿ ತಾನೇ ಬಿಚ್ಚಿಕೊಳ್ಳುತ್ತದೆ. ಕಾಗದ ಬರುವ ಮುಂಚೆ ಕಾಶ್ಮೀರದವರು ಗ್ರಂಥ ಬರೆದದ್ದು ಇದರ ಮೇಲೇ. ನಮ್ಮಲ್ಲಿ ತಾಳೆಗರಿ, ಅವರಲ್ಲಿ ಭೂರ್ಜಪತ್ರ. ತಂಗಿ ನೆಲಕ್ಕೆ ಬಿದ್ದಿದ್ದ ಒಂದು ಚೂರು ಎತ್ತಿ ಬೆಳಕಿಗೆ ಹಿಡಿದು ನೋಡಿ, ಮತ್ತೆ ಅಲ್ಲೇ ಇಟ್ಟಳು. ಈ ಮರಗಳು ಬೆಳೆಯುವುದು ಬಹಳ ನಿಧಾನ. ಒಂದು ಎತ್ತರದ ಮೇಲೆ ಬೇರೆ ಯಾವ ಮರವೂ ಇಲ್ಲ, ಇವೇ ಕೊನೆ. ಇವು ಮುಗಿದ ಮೇಲೆ ಬರೀ ಹುಲ್ಲು, ಕಲ್ಲು, ನೀರು.

ನಿಚ್ನಾಯ್ ಹೊಳೆಯ ದಂಡೆಯಲ್ಲಿ ಟೆಂಟ್. ಎತ್ತರ ಸುಮಾರು 3,500 ಮೀಟರ್. ಸಂಜೆ ಆರಕ್ಕೇ ಕೈ ಮರಗಟ್ಟಿತು. ರಾಜ್ಮಾ ಅನ್ನಕ್ಕೆ ಮನೆಯಿಂದ ತಂದ ಚಟ್ನಿಪುಡಿ ಹಾಕಿಕೊಂಡು ಉಂಡು ಮಲಗಿದೆವು.

ಎರಡನೇ ದಿನ: ವಿಶನ್‌ಸರ್

ನಿಚ್ನಾಯ್ ಪಾಸ್ ಹತ್ತುವುದು ಒಂದು ಹದದಲ್ಲಿ ನಡೆಯುವವರಿಗೆ ಕಷ್ಟವೇನಲ್ಲ. ಕಣಿವೆ ನಿಧಾನಕ್ಕೆ ಮೇಲೇರುತ್ತಾ, ಕೊನೆಯಲ್ಲಿ ಮಾತ್ರ ಕಡಿದಾಗುತ್ತದೆ. ಸುಮಾರು 4,100 ಮೀಟರ್ ಎತ್ತರದ ಆ ಬಾಗಿಲು ದಾಟಿದ ಮೇಲೆ ಹೊಳೆಗಳು ಉತ್ತರಕ್ಕೆ ಹರಿಯತೊಡಗುತ್ತವೆ. ಬೆಳಿಗ್ಗೆ ನಮ್ಮ ಎದುರಿಗೆ ಇಳಿದು ಬರುತ್ತಿದ್ದ ನೀರು ಸಿಂಧ್‌ಗೆ ಸೇರುವಂಥದ್ದು. ಮಧ್ಯಾಹ್ನ ನಮ್ಮ ಜೊತೆಗೇ ಇಳಿಯುತ್ತಿದ್ದ ನೀರು ಕಿಶನ್‌ಗಂಗಾಕ್ಕೆ. ನಕ್ಷೆಯಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೆ. ಆದರೆ ಕಾಲಡಿಯ ನೀರು ದಿಕ್ಕು ಬದಲಿಸಿದ್ದನ್ನು ಕಣ್ಣಾರೆ ನೋಡುವುದೇ ಬೇರೆ.

ವಿಶನ್‌ಸರ್ ಕ್ಯಾಂಪ್ ದೊಡ್ಡ ಹುಲ್ಲು ಬಯಲು. ಸರೋವರ ಅಲ್ಲಿಂದ ಸ್ವಲ್ಪ ಮೇಲೆ, ಒಂದು ದಿಬ್ಬದ ಹಿಂದೆ. ಅಂದು ಅಲ್ಲಿ ತುಂಬಾ ಟೆಂಟ್‌ಗಳಿದ್ದವು. ಒಂದು ಗುಂಪು ಸ್ಪೀಕರ್‌ನಲ್ಲಿ ಹಾಡು ಹಾಕಿಕೊಂಡಿತ್ತು. ನನಗೆ ನಿಜಕ್ಕೂ ಬೇಸರವಾಯಿತು. ಹೊಳೆಯ ಬದಿಯಲ್ಲಿ ಬಿಸ್ಕತ್ತಿನ ಕವರು, ಒದ್ದೆ ಟಿಶ್ಯೂಗಳು. ಈ ಹೊಳೆಯ ನೀರನ್ನೇ ಕೆಳಗಿನ ಕುರಿಗಾರರು ಕುಡಿಯುತ್ತಾರೆ. ನಮ್ಮ ಗೈಡ್ ಒಂದು ಚೀಲ ತಂದು ಸುಮ್ಮನೆ ಕಸ ಹೆಕ್ಕತೊಡಗಿದರು. ನಾವೂ ಸೇರಿಕೊಂಡೆವು. ಆಮೇಲೆ ಪಕ್ಕದ ಗುಂಪಿನ ಇಬ್ಬರು ಹುಡುಗರೂ ಬಂದರು. ಹಾಡು ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

ಊಟ ಮಾಡುವಾಗ ಗೈಡ್ ಹೇಳಿದರು: "ನಾಳೆ ದೊಡ್ಡ ದಿನ. ಎಲ್ಲರಿಗಿಂತ ಮುಂಚೆ ಹೊರಡೋಣ. ಆಗ ಬೆಟ್ಟ ನಿಮಗೆ ಸಿಗುತ್ತದೆ."

ಮೂರನೇ ದಿನ: ಗಡ್‌ಸರ್

ಇನ್ನೂ ಸೂರ್ಯ ಬಂದಿರಲಿಲ್ಲ. ಟೆಂಟಿನ ಮೇಲೆ ಮಂಜು ಗಟ್ಟಿಯಾಗಿತ್ತು. ಒಂದು ಲೋಟ ಚಹಾ, ಬಿಸಿ ಗಂಜಿ, ಜೇಬಿನಲ್ಲಿ ಹುರಿಗಡಲೆ ಮತ್ತು ಬೆಲ್ಲ. ಸುಮಾರು 16 ಕಿಲೋಮೀಟರ್ ನಡೆಯಬೇಕಿತ್ತು. ದೂರಕ್ಕಿಂತ ಎತ್ತರ ಮುಖ್ಯ. ಈ ದಾರಿಯ ಅತಿ ಎತ್ತರದ ಜಾಗ, ಸುಮಾರು 4,200 ಮೀಟರ್‌ನ ಗಡ್‌ಸರ್ ಪಾಸ್, ಇವತ್ತೇ ದಾಟಬೇಕು. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅದರ ಎರಡರಷ್ಟಕ್ಕಿಂತ ಜಾಸ್ತಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 60ರಷ್ಟು ಮಾತ್ರ. ಅಂದರೆ ಅದೇ ಒಂದು ಉಸಿರಿನಲ್ಲಿ ಮೈಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ.

ದಿಬ್ಬ ಹತ್ತಿದ ಕೂಡಲೇ ವಿಶನ್‌ಸರ್ ಕಾಣಿಸಿತು. ಬೆಳಕು ಇನ್ನೂ ಬೀಳದ ಕಾರಣ ನೀರು ಕಪ್ಪು ಹಸಿರು. ಗಾಳಿ ಇರಲಿಲ್ಲ. ಎದುರಿನ ಬೆಟ್ಟ ಪೂರ್ತಿ ತಲೆಕೆಳಗಾಗಿ ನೀರಿನೊಳಗೆ ಇತ್ತು. ದಂಡೆಯ ಹತ್ತಿರ ಟ್ರೌಟ್ ಮೀನುಗಳು ಒಂದೊಂದಾಗಿ ಮೇಲೆ ಬಂದು ಬಾಯಿ ತೆರೆದು ಮರೆಯಾಗುತ್ತಿದ್ದವು. ಈ ಮೀನು ಇಲ್ಲಿಯದಲ್ಲ. ಸುಮಾರು 1900ರ ಹೊತ್ತಿಗೆ ಬ್ರಿಟಿಷರು ಕಾಶ್ಮೀರಕ್ಕೆ ತಂದು ಬಿಟ್ಟದ್ದು. ಈಗ ಪರವಾನಗಿ ಪಡೆದವರು ಮಾತ್ರ ಹಿಡಿಯಬಹುದು.

ಅರ್ಧ ಗಂಟೆ ಹತ್ತಿದರೆ ಕಿಶನ್‌ಸರ್. ಮೇಲಿನ ಈ ಸರೋವರದ ನೀರು ಕೆಳಗಿನ ವಿಶನ್‌ಸರ್‌ಗೆ ಇಳಿಯುತ್ತದೆ. ಅಲ್ಲಿಂದ ಹೊರಟ ಹೊಳೆಯೇ ಕಿಶನ್‌ಗಂಗಾ ನದಿಯ ಮೂಲ. ಪಾಕಿಸ್ತಾನದವರು ಅದನ್ನು ನೀಲಂ ಅನ್ನುತ್ತಾರೆ.

ನಾನು ಕಿಶನ್‌ಸರ್ ದಂಡೆಯಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಂತೆ. ಈ ನೀರು ಇಲ್ಲಿಂದ ಉತ್ತರಕ್ಕೆ ಇಳಿಯುತ್ತದೆ. ತುಲೇಲ್, ಗುರೇಜ್ ಕಣಿವೆಗಳನ್ನು ದಾಟಿ ನಿಯಂತ್ರಣ ರೇಖೆಯ ಆಚೆ ಹೋಗುತ್ತದೆ. ಅಲ್ಲಿ ಅದರ ದಂಡೆಯ ಮೇಲೆ ಶಾರದಾ ಅನ್ನುವ ಊರಿದೆ. ಹಳೆಯ ಶಾರದಾ ಪೀಠದ ಕಲ್ಲಿನ ಗೋಡೆಗಳು ಇವತ್ತಿಗೂ ಅಲ್ಲಿ ನಿಂತಿವೆ. 'ನಮಸ್ತೇ ಶಾರದಾ ದೇವಿ ಕಾಶ್ಮೀರ ಪುರವಾಸಿನಿ' ಅಂತ ಹೇಳಿಕೊಂಡೇ ಬೆಳೆದವರು ನಾವು. ಶೃಂಗೇರಿ ನಮ್ಮ ಊರಿಗೆ ಹತ್ತಿರ. ಪರೀಕ್ಷೆಯ ಮುಂಚೆ ಅಮ್ಮ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಬರುತ್ತಿದ್ದೆವು. ಆ ಸಾಲಿನ ಕಾಶ್ಮೀರ ಎಲ್ಲಿದೆ ಅಂತ ಆಗ ಕೇಳಿರಲಿಲ್ಲ. ಈಗ ನನ್ನ ಕೈ ಅದೇ ನದಿಯ ಮೊದಲ ನೀರಿನಲ್ಲಿತ್ತು. ಬೆರಳು ನೋಯುವಷ್ಟು ತಣ್ಣಗೆ.

ಶಾರದಾದಿಂದ ಮುಂದೆ ಇಳಿಯುವ ನದಿ ಟೀತ್ವಾಲ್ ಹತ್ತಿರ ಮತ್ತೆ ಗಡಿಗೆ ಬರುತ್ತದೆ. ನಾವು ಹೋದ ವರ್ಷದ ಮಾರ್ಚ್‌ನಲ್ಲೇ ಟೀತ್ವಾಲ್‌ನಲ್ಲಿ ಹೊಸ ಶಾರದಾ ದೇವಸ್ಥಾನ ತೆರೆದಿತ್ತು. ಅಲ್ಲಿರುವ ಪಂಚಲೋಹದ ಮೂರ್ತಿ ಹೋದದ್ದು ಶೃಂಗೇರಿ ಮಠದಿಂದ. ಗೈಡ್‌ಗೆ ಇದನ್ನು ಹೇಳಿದೆ. ಅವರಿಗೂ ಟೀತ್ವಾಲ್ ಗೊತ್ತಿತ್ತು. "ನೀರು ನಮಗಿಂತ ಜಾಸ್ತಿ ಊರು ನೋಡುತ್ತದೆ" ಅಂದರು.

ಇನ್ನೊಂದು ವಿಷಯವನ್ನೂ ಹೇಳಬೇಕು. ಇಲ್ಲಿಂದ ಹೊರಟ ನೀರೆಲ್ಲ ಈಗ ಶಾರದಾ ತಲುಪುವುದಿಲ್ಲ. 2018ರಲ್ಲಿ ಶುರುವಾದ 330 ಮೆಗಾವ್ಯಾಟ್‌ನ ಕಿಶನ್‌ಗಂಗಾ ವಿದ್ಯುತ್ ಯೋಜನೆ ಗುರೇಜ್‌ನಲ್ಲೇ ಒಂದು ಪಾಲನ್ನು ತಡೆದು, ಬೆಟ್ಟದೊಳಗಿನ ಉದ್ದದ ಸುರಂಗದಲ್ಲಿ ಕಾಶ್ಮೀರದ ಬಂಡಿಪೋರಾ ಕಡೆಗೆ ಕಳಿಸುತ್ತದೆ. ಅದು ವೂಲರ್ ಸರೋವರಕ್ಕೆ, ಅಲ್ಲಿಂದ ಝೇಲಂಗೆ ಸೇರುತ್ತದೆ. ನದಿಯ ಹಾದಿಯನ್ನು ಬೆಟ್ಟ ಮಾತ್ರ ನಿರ್ಧರಿಸುವ ಕಾಲ ಹೋಯಿತು.

ಕಿಶನ್‌ಸರ್ ದಾಟಿದ ಮೇಲೆ ಏರು ಶುರು. ದಾರಿ ಅನ್ನುವುದು ಬೆಟ್ಟದ ಬದಿಗೆ ಅಂಟಿಕೊಂಡ ಒಂದು ಸಣ್ಣ ಗೆರೆ. ಒಂದು ಕಡೆ ಗೋಡೆಯಂತೆ ಇಳಿಜಾರು, ಇನ್ನೊಂದು ಕಡೆ ಸರೋವರದ ತನಕ ಜಾರುವ ಕಲ್ಲುಪುಡಿ. ನಮ್ಮ ಹಿಂದೆ ಬಂದ ಕುದುರೆಗಳಿಗೆ ದಾರಿ ಬಿಡಬೇಕಾಯಿತು. ಕುದುರೆ ಬಂದಾಗ ಯಾವತ್ತೂ ಬೆಟ್ಟದ ಬದಿಗೇ ನಿಲ್ಲಬೇಕು, ಕಣಿವೆಯ ಬದಿಗೆ ಅಲ್ಲ. ಗೈಡ್ ಇದನ್ನು ಮೊದಲ ದಿನವೇ ಕಲಿಸಿದ್ದರು. ಬೆನ್ನ ಮೇಲಿನ ಹೊರೆ ತಾಗಿದರೂ ಸಾಕು, ಮನುಷ್ಯ ಕೆಳಗೆ ಹೋಗುತ್ತಾನೆ.

ಹತ್ತು ಹೆಜ್ಜೆ, ಎರಡು ಉಸಿರು. ಮತ್ತೆ ಹತ್ತು ಹೆಜ್ಜೆ. ಮಾತು ತಾನಾಗಿ ನಿಂತಿತು. ಕುಮಾರಪರ್ವತ ಹತ್ತುವಾಗ ಬೆವರು, ಜಿಗಣೆ, ಕಾಲುನೋವು ಎಲ್ಲ ಇರುತ್ತದೆ, ಆದರೆ ಗಾಳಿ ಬೇಕಾದಷ್ಟಿರುತ್ತದೆ. ಇಲ್ಲಿ ಕಾಲು ಚೆನ್ನಾಗಿದೆ, ಮೈ ಒಪ್ಪುವುದಿಲ್ಲ. ಬೇಗ ಹತ್ತಲು ನೋಡುವವರೇ ಬೇಗ ಕೂರುತ್ತಾರೆ. ತಂಗಿ ಅವಳದ್ದೇ ಒಂದು ತಾಳ ಹಿಡಿದು, ತಲೆ ಎತ್ತದೆ ಮುಂದೆ ಮುಂದೆ ಹೋದಳು. ಪಾಸ್ ಮೇಲೆ ಮೊದಲು ತಲುಪಿದ್ದು ಅವಳೇ.

ಮೇಲೆ ನಿಂತು ಹಿಂದೆ ನೋಡಿದರೆ ಎರಡೂ ಸರೋವರಗಳು ಒಟ್ಟಿಗೆ ಕಾಣುತ್ತವೆ. ಅಷ್ಟು ಹೊತ್ತಿಗೆ ಬಿಸಿಲು ಬಿದ್ದಿತ್ತು. ಕಪ್ಪು ಹಸಿರಿದ್ದ ನೀರು ಈಗ ಹಾಲು ಬೆರೆತ ನೀಲಿ. ಹಿಮನದಿಗಳು ಬಂಡೆಯನ್ನು ಉಜ್ಜಿ ಉಜ್ಜಿ ನುಣ್ಣಗಿನ ಪುಡಿ ಮಾಡುತ್ತವೆ. ಆ ಪುಡಿ ನೀರಿನಲ್ಲಿ ತೇಲುತ್ತಾ ಬೆಳಕನ್ನು ಚದುರಿಸುತ್ತದೆ. ಅದರಿಂದ ಈ ಬಣ್ಣ. ಸರೋವರದ ಗುಂಡಿಯನ್ನು ತೋಡಿದ್ದೂ ಹಿಮವೇ. ಸಾವಿರಾರು ವರ್ಷ ಹಿಂದೆ ಇಲ್ಲಿ ಕೂತಿದ್ದ ಹಿಮನದಿಗಳು ಬೆಟ್ಟದ ಮಡಿಲನ್ನು ಕೊರೆದು, ತಾವು ತಂದ ಕಲ್ಲು ಮಣ್ಣನ್ನೇ ಬಾಯಿಗೆ ಒಡ್ಡು ಹಾಕಿ ಹಿಂದೆ ಸರಿದವು. ಉಳಿದ ಹಳ್ಳದಲ್ಲಿ ನೀರು ನಿಂತಿತು.

ಪಾಸ್‌ನಲ್ಲಿ ಗಾಳಿ ಜೋರು. ಬೆಲ್ಲ ತಿಂದು, ನೀರು ಕುಡಿದು, ಆಚೆ ಇಳಿದೆವು. ಬಂಡೆ ಸಂದಿನಲ್ಲಿ ನೀಲಿ ಪಾಪಿ ಹೂ ಸಿಕ್ಕಿತು. ಮುಳ್ಳು ಮೈ, ಅದರ ಮೇಲೆ ಕಾಗದದಷ್ಟು ತೆಳುವಾದ ನೀಲಿ ಎಸಳು. ಅಷ್ಟು ಗಾಳಿಗೆ ಹೇಗೆ ಹರಿಯದೆ ಉಳಿದಿದೆ ಅಂತ ಆಶ್ಚರ್ಯ. ಎಲ್ಲರೂ ಒಬ್ಬೊಬ್ಬರಾಗಿ ಬಗ್ಗಿ ನೋಡಿದೆವು. ಯಾರೂ ಮುಟ್ಟಲಿಲ್ಲ.

ಇಳಿಜಾರು ಮುಗಿಯುವಲ್ಲಿ ಸಣ್ಣ ಸರೋವರ, ಯಮ್‌ಸರ್. ಅದರಿಂದ ಮುಂದೆ ಗಡ್‌ಸರ್ ಕಣಿವೆ. ಇಲ್ಲಿಂದ ಆ ದಿನದ ಬೇರೆ ಭಾಗ ಶುರುವಾಯಿತು.

ನಾವು ಬೇಗ ಹೊರಟ ಕಾರಣ ಉಳಿದ ಗುಂಪುಗಳು ಪಾಸ್‌ನ ಆಚೆಯೇ ಇದ್ದವು. ಕುದುರೆಗಳು ಮುಂದೆ ಹೋಗಿಯಾಗಿತ್ತು. ಕಣಿವೆಯಲ್ಲಿ ನಾವಷ್ಟೇ. ಹೆಜ್ಜೆಯ ಸದ್ದು ಹುಲ್ಲಿನಲ್ಲಿ ಅಡಗಿಹೋಗುತ್ತಿತ್ತು. ನನಗೆ ಗೊತ್ತಿರುವ ಮಲೆನಾಡಿನ ಕಾಡಿನಲ್ಲಿ ಮೌನ ಅಂತ ಇಲ್ಲವೇ ಇಲ್ಲ. ಜೀರುಂಡೆ, ಕಪ್ಪೆ, ಹನಿ ಬೀಳುವ ಸದ್ದು, ಏನಾದರೊಂದು ಇದ್ದೇ ಇರುತ್ತದೆ. ಇಲ್ಲಿ ಮರ ಇಲ್ಲ, ಎಲೆ ಇಲ್ಲ, ಹುಳದ ಗದ್ದಲ ಇಲ್ಲ. ದೂರದ ಹೊಳೆಯ ಸದ್ದು ಗಾಳಿ ತಿರುಗಿದಾಗ ಬರುತ್ತದೆ, ಮತ್ತೆ ಹೋಗುತ್ತದೆ. ಮಧ್ಯದಲ್ಲಿ ನಿಮ್ಮ ಉಸಿರು ನಿಮಗೇ ಕೇಳಿಸುತ್ತದೆ. ಮೊದಮೊದಲು ಸ್ವಲ್ಪ ಭಯವೇ ಆಯಿತು ಅನ್ನಬೇಕು. ಆಮೇಲೆ ಅದೇ ಬೇಕು ಅನ್ನಿಸಿತು.

ಮೌನ ಮುರಿದದ್ದು ಒಂದು ಚೂಪಾದ ಸೀಟಿ. ಮಾರ್ಮೋಟ್. ಕಂದು ಹೊಂಬಣ್ಣದ, ದಪ್ಪ ಮೈಯ, ಬಿಲದಲ್ಲಿ ಬದುಕುವ ಪ್ರಾಣಿ. ಬಂಡೆಯ ಮೇಲೆ ಎರಡು ಕಾಲಲ್ಲಿ ನಿಂತು ನಮ್ಮನ್ನು ನೋಡಿ ಕೂಗಿತು. ಆ ಕೂಗಿಗೆ ಬಯಲಿನಲ್ಲಿದ್ದ ಉಳಿದವೆಲ್ಲ ಬಿಲಕ್ಕೆ ಓಡಿದವು. ವರ್ಷದ ಅರ್ಧಕ್ಕಿಂತ ಜಾಸ್ತಿ ಅವು ಹಿಮದ ಕೆಳಗೆ ಬಿಲದಲ್ಲೇ ನಿದ್ದೆ ಮಾಡುತ್ತವೆ. ಉಳಿದ ಕೆಲವೇ ತಿಂಗಳಲ್ಲಿ ಮೇದು ಕೊಬ್ಬು ಕೂಡಿಡಬೇಕು, ಮರಿ ಸಾಕಬೇಕು. ನಮ್ಮ ಪ್ರತಿಯೊಂದು ಗುಂಪೂ ಅವುಗಳ ಮೇಯುವ ಹೊತ್ತನ್ನು ಸ್ವಲ್ಪ ತಿನ್ನುತ್ತದೆ. ಗೈಡ್ ಅದಕ್ಕೇ ಬಿಲಗಳ ಹತ್ತಿರ ದಾರಿ ಬಿಟ್ಟು ಒಳಗೆ ಹೋಗಲು ಬಿಡುವುದಿಲ್ಲ.

ಹೂಗಳ ವಿಷಯ ಹೇಳದೆ ಈ ಕಣಿವೆ ದಾಟುವ ಹಾಗಿಲ್ಲ. ನೇರಳೆ ಜೆರೇನಿಯಂ, ಹಳದಿ ಮತ್ತು ಕೆಂಪು ಪೊಟೆಂಟಿಲ್ಲಾ, ಒದ್ದೆ ಜಾಗದಲ್ಲಿ ಗುಲಾಬಿ ಬಣ್ಣದ ಪೆಡಿಕ್ಯುಲಾರಿಸ್. ಹೊಳೆಯ ಬದಿಯಲ್ಲಿ ಒಂದು ಬಣ್ಣ, ಸ್ವಲ್ಪ ಮೇಲೆ ಹೋದರೆ ಇನ್ನೊಂದು. ಕುರಿಗಳು ಮೇದ ಕಡೆ ಹೂ ಕಡಿಮೆ, ಕಡಿದಾದ ಕಡೆ ಜಾಸ್ತಿ. ಎಲ್ಲ ಹೂವೂ ಒಂದೇ ಸಲ ಅರಳಬೇಕು, ಯಾಕೆಂದರೆ ಕಾಲ ಕಡಿಮೆ. ಸೆಪ್ಟೆಂಬರ್ ಕೊನೆಗೆ ಮತ್ತೆ ಹಿಮ ಬೀಳಲು ಶುರು.

ಒಂದು ತಿರುವು ದಾಟಿದ ಕೂಡಲೇ ಗಡ್‌ಸರ್. ಮೂರು ಕಡೆ ಬೆಟ್ಟ. ಹಿಂದಿನ ಗೋಡೆಯಿಂದ ಹಿಮದ ನಾಲಿಗೆಗಳು ನೇರ ನೀರಿಗೆ ಇಳಿದಿವೆ. ಒಡೆದು ಬಿದ್ದ ಮಂಜುಗಡ್ಡೆಗಳು ತೇಲುತ್ತಿದ್ದವು. ದಂಡೆ ತುಂಬಾ ಹೂ, ಎದುರು ದಂಡೆಯಲ್ಲಿ ಹಿಮ. ಈ ದಾರಿಯಲ್ಲಿ ನೋಡಿದ ಸರೋವರಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಗಂಗಾಬಲ್ ದೊಡ್ಡದು, ವಿಶನ್‌ಸರ್ ಸುಲಭವಾಗಿ ಸಿಗುತ್ತದೆ. ಗಡ್‌ಸರ್‌ಗೆ ಮಾತ್ರ ಇಡೀ ದಿನ ಕೊಟ್ಟೇ ಬರಬೇಕು.

ನಾವು ಅಲ್ಲಿ ಸುಮಾರು ಒಂದು ಗಂಟೆ ಕೂತೆವು. ಬುತ್ತಿಯ ಪೂರಿ, ಆಲೂ. ಯಾರೋ ಕೋಡುಬಳೆ ತೆಗೆದರು. ಮಂಜುಗಡ್ಡೆ ಬಿರಿಯುವ ಸದ್ದು ಆಗಾಗ ಬರುತ್ತಿತ್ತು. ಸೌದೆ ಸೀಳಿದ ಹಾಗೆ ಒಂದು ಚಟ್, ಆಮೇಲೆ ಏನೂ ಇಲ್ಲ. ಗೈಡ್ ನಮಾಜ್ ಮಾಡಿ ಬಂದು ಕೂತರು. ಅವರ ಬಾಲ್ಯದಲ್ಲಿ ಆ ಹಿಮದ ನಾಲಿಗೆಗಳು ಇನ್ನೂ ಅಗಲ ಇದ್ದವಂತೆ. ಎಲ್ಲಿಯವರೆಗೆ ಇತ್ತು ಅಂತ ಕೈ ತೋರಿಸಿದರು. ಈಗ ಅಲ್ಲಿ ಬರೀ ಬೂದು ಬಂಡೆ.

ಗಡ್‌ಸರ್‌ನಿಂದ ಹೊರಡುವ ಹೊಳೆಯೂ ತುಲೇಲ್ ಕಡೆ ಇಳಿದು ಕಿಶನ್‌ಗಂಗಾಕ್ಕೇ ಸೇರುತ್ತದೆ. ಅಂದರೆ ಬೆಳಿಗ್ಗೆ ಬಿಟ್ಟ ನೀರೂ, ಮಧ್ಯಾಹ್ನ ಸಿಕ್ಕ ನೀರೂ ಬೆಟ್ಟದ ಆಚೆ ಎಲ್ಲೋ ಕೂಡಿಕೊಳ್ಳುತ್ತವೆ.

ಕ್ಯಾಂಪ್ ಇನ್ನೂ ಕೆಳಗೆ, ಸೇನೆಯ ಚೆಕ್‌ಪೋಸ್ಟ್ ಹತ್ತಿರ. ದಾರಿಯಲ್ಲಿ ಬಕರ್‌ವಾಲ್ ಜನರ ಕಲ್ಲಿನ ಗುಡಿಸಲು ಸಿಕ್ಕಿತು. ಕುರಿ, ಮೇಕೆ, ಕುದುರೆ ಸಾಕುವ ಅಲೆಮಾರಿಗಳು ಇವರು. ಚಳಿಗಾಲ ಜಮ್ಮುವಿನ ತಗ್ಗು ಬೆಟ್ಟಗಳಲ್ಲಿ, ಬೇಸಿಗೆ ಇಲ್ಲಿ. ಹಿಂಡಿನ ಜೊತೆ ವಾರಗಟ್ಟಲೆ ನಡೆದು ಬರುತ್ತಾರೆ. ಮನೆಯ ಹೆಂಗಸು ನಮ್ಮನ್ನು ಕರೆದು ಉಪ್ಪಿನ ಚಹಾ, ಜೋಳದ ರೊಟ್ಟಿ ಕೊಟ್ಟರು. ಜೋಳ ಅಂದರೆ ಇಲ್ಲಿ ಮೆಕ್ಕೆಜೋಳ. ದುಡ್ಡು ತೆಗೆದುಕೊಳ್ಳಲಿಲ್ಲ. ಅವರ ಮಗಳು ಹತ್ತು ವರ್ಷದವಳಿರಬೇಕು, ನಮ್ಮ ತಂಡದವರ ಹೆಸರನ್ನೆಲ್ಲ ಉರ್ದುವಿನಲ್ಲಿ ಬರೆದು ತೋರಿಸಿದಳು. ಬೇಸಿಗೆಯಲ್ಲಿ ಇಂಥ ಮಕ್ಕಳಿಗೆ ಬೆಟ್ಟದಲ್ಲೇ ತಾತ್ಕಾಲಿಕ ಶಾಲೆ ನಡೆಸುತ್ತಾರೆ. ನಾವು ಚಾರಣ ಅಂತ ಹೆಮ್ಮೆಯಿಂದ ದಾಟಿದ ಪಾಸ್ ಆ ಹುಡುಗಿಗೆ ಪ್ರತಿ ವರ್ಷದ ಮನೆದಾರಿ.

ಕ್ಯಾಂಪ್ ಸೇರುವಾಗ ಸಂಜೆ. ಚೆಕ್‌ಪೋಸ್ಟ್‌ನಲ್ಲಿ ಗುರುತಿನ ಚೀಟಿ ನೋಡಿ, ಹೆಸರು ಬರೆದುಕೊಂಡರು. ಎಲ್ಲಿಂದ ಬಂದಿರಿ ಅಂತ ಕೇಳಿದ ಜವಾನರೊಬ್ಬರು ಕರ್ನಾಟಕ ಅಂದ ಕೂಡಲೇ, "ಬೆಳಗಾವಿಯಲ್ಲಿ ಟ್ರೈನಿಂಗ್ ಮಾಡಿದ್ದೆ" ಅಂದರು. ಅಲ್ಲಿಯ ಕುಂದಾ ಇನ್ನೂ ನೆನಪಿದೆಯಂತೆ. ಮರಾಠಾ ರೆಜಿಮೆಂಟಿನ ಕೇಂದ್ರ ಇರುವುದು ಬೆಳಗಾವಿಯಲ್ಲೇ ಅಲ್ವಾ.

ನಾಲ್ಕನೇ ದಿನ: ಸತ್‌ಸರ್

ಹೊಳೆ ದಾಟಿ, ಎದುರಿನ ಕಡಿದಾದ ಬೆಟ್ಟ ಹತ್ತಿ, ಆಮೇಲೆ ಸುಮಾರು ಸಮನಾದ ಹುಲ್ಲುಗಾವಲು. ಹಿಂದಿನ ದಿನದ ದಣಿವು ಕಾಲಲ್ಲಿತ್ತು. ಮಧ್ಯಾಹ್ನ ಮಳೆ ಬಂತು. ಸತ್‌ಸರ್ ಅಂದರೆ ಏಳು ಸರೋವರಗಳ ಜಾಗ. ಆಗಸ್ಟ್ ಹೊತ್ತಿಗೆ ಅವುಗಳಲ್ಲಿ ಕೆಲವು ಬತ್ತಿರುತ್ತವೆ, ಹಾಗಾಗಿ ಎಣಿಸುವ ಆಸೆ ಬಿಟ್ಟೆವು. ಮಳೆಯಲ್ಲಿ ಟೆಂಟಿನೊಳಗೆ ಕೂತು ಇಸ್ಪೀಟು ಆಡಿ, ಬೇಗ ಮಲಗಿದೆವು.

ಐದನೇ ದಿನ: ಗಂಗಾಬಲ್

ಬೆಳಿಗ್ಗೆ ಉದ್ದಕ್ಕೂ ಬಂಡೆಗಳ ರಾಶಿ. ಒಂದರಿಂದ ಇನ್ನೊಂದಕ್ಕೆ ಕಾಲಿಟ್ಟು ದಾಟಬೇಕು. ಹಿಂದಿನ ದಿನದ ಮಳೆಗೆ ಜಾರುತ್ತಿತ್ತು. ಆಮೇಲೆ ಝಾಜ್ ಪಾಸ್. ಅಲ್ಲಿಂದ ಗಂಗಾಬಲ್, ನಂದ್‌ಕೋಲ್ ಎರಡೂ ಕೆಳಗೆ, ಅವುಗಳ ಮೇಲೆ ಹರಮುಖ್. 5,142 ಮೀಟರ್. ಅಷ್ಟು ದಿನ ನಾವು ಸುತ್ತಿ ಬಂದ ಬೆಟ್ಟ ಎದುರಿಗೆ ನಿಂತಿತ್ತು.

ಹರಮುಖ್‌ಗೂ ಬೆಂಗಳೂರಿಗೂ ಒಂದು ನಂಟಿದೆ. 1800ರಲ್ಲಿ ಬ್ರಿಟಿಷ್ ಸರ್ವೆ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಯಲಲ್ಲಿ ಸರಪಳಿ ಹಿಡಿದು ಒಂದು ಉದ್ದದ ಗೆರೆಯನ್ನು ಅಳೆದರು. ಎರಡು ವರ್ಷದ ನಂತರ ಮದ್ರಾಸಿನಲ್ಲಿ ದೊಡ್ಡ ಅಳತೆ ಶುರುವಾಯಿತು. ತ್ರಿಕೋನದ ಪಕ್ಕ ತ್ರಿಕೋನ ಕಟ್ಟುತ್ತಾ ಆ ಸರ್ವೆ ಹಿಮಾಲಯದವರೆಗೆ ಬಂತು. 1856ರಲ್ಲಿ ಅದೇ ಸರ್ವೆಯ ಥಾಮಸ್ ಮಾಂಟ್‌ಗೊಮರಿ ಹರಮುಖ್ ಮೇಲೆ ಉಪಕರಣ ಇಟ್ಟು ಈಶಾನ್ಯಕ್ಕೆ ನೋಡಿದಾಗ, 200 ಕಿಲೋಮೀಟರ್‌ಗೂ ಆಚೆ ಎರಡು ಎತ್ತರದ ಶಿಖರಗಳು ಕಂಡವು. ಪುಸ್ತಕದಲ್ಲಿ ಕೆ1, ಕೆ2 ಅಂತ ಬರೆದುಕೊಂಡರು. ಜಗತ್ತಿನ ಎರಡನೇ ಅತಿ ಎತ್ತರದ ಬೆಟ್ಟಕ್ಕೆ ಇವತ್ತಿಗೂ ಅದೇ ಹೆಸರು, ಕೆ2. ಆ ಉಪಕರಣಗಳನ್ನು ಹೊತ್ತು ಹರಮುಖ್ ಹತ್ತಿಸಿದವರ ಹೆಸರುಗಳನ್ನೂ ಹೀಗೆ ಎಲ್ಲರೂ ನೆನಪಿಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಕಾಶ್ಮೀರಿ ಪಂಡಿತರಿಗೆ ಗಂಗಾಬಲ್ ಅಂದರೆ ಗಂಗೆಯೇ. ತೀರಿಹೋದವರ ಬೂದಿಯನ್ನು ತಂದು ಇಲ್ಲಿ ಬಿಡುವುದು ಅವರ ಹಳೆಯ ಪದ್ಧತಿ. ನಡುವೆ ಬಹಳ ಕಾಲ ಯಾತ್ರೆ ನಿಂತುಹೋಗಿತ್ತು. 2009ರಲ್ಲಿ ಮತ್ತೆ ಶುರುವಾಯಿತು. ದಂಡೆಯಲ್ಲಿ ಒಬ್ಬ ಹಿರಿಯರು ಸಿಕ್ಕಿದರು. ದೆಹಲಿಯಿಂದ ಮಗನ ಜೊತೆ ಬಂದಿದ್ದರು. ಅವರ ತಾಯಿಯದ್ದು ಕೊನೆಯ ಆಸೆಯಂತೆ. ಅವರ ಪೂಜೆ ಮುಗಿಯುವವರೆಗೂ ನಮ್ಮ ಗೈಡ್ ಸ್ವಲ್ಪ ದೂರದಲ್ಲಿ ಟೋಪಿ ಸರಿಮಾಡಿಕೊಂಡು ನಿಂತಿದ್ದರು. ಆಮೇಲೆ ಇಬ್ಬರೂ ಕಾಶ್ಮೀರಿಯಲ್ಲಿ ತುಂಬಾ ಹೊತ್ತು ಮಾತಾಡಿದರು. ನಮಗೆ ಒಂದು ಪದವೂ ಅರ್ಥವಾಗಲಿಲ್ಲ. ಹಿರಿಯರು ಗೈಡ್‌ನ ಕೈ ಬಿಡಲೇ ಇಲ್ಲ.

ಆರನೇ ದಿನ: ನಾರಾನಾಗ್

ಇಳಿಯುವುದು ಮಂಡಿಗೆ ಕಷ್ಟ. ಒಂದೇ ದಿನದಲ್ಲಿ 1,300 ಮೀಟರ್‌ಗೂ ಜಾಸ್ತಿ ಇಳಿಯಬೇಕು. ಮೊದಲು ಹುಲ್ಲುಗಾವಲು, ಆಮೇಲೆ ಭೂರ್ಜ, ಆಮೇಲೆ ದಟ್ಟ ಪೈನ್. ಮರದ ವಾಸನೆ ಮೂಗಿಗೆ ಬಡಿದಾಗ ಎಲ್ಲರೂ ನಿಂತು ಉಸಿರೆಳೆದುಕೊಂಡೆವು.

ನಾರಾನಾಗ್‌ನಲ್ಲಿ ರಸ್ತೆಯ ಪಕ್ಕದಲ್ಲೇ ಎಂಟನೇ ಶತಮಾನದ ಶಿವ ದೇವಾಲಯಗಳ ಗುಂಪಿದೆ. ಕಾಶ್ಮೀರದ ರಾಜ ಲಲಿತಾದಿತ್ಯ ಮುಕ್ತಾಪೀಡನ ಕಾಲದ್ದು ಅನ್ನುತ್ತಾರೆ. ಚಾವಣಿ ಹೋಗಿದೆ, ಬೂದು ಕಲ್ಲಿನ ಗೋಡೆ ಮತ್ತು ಬಾಗಿಲುಗಳು ನಿಂತಿವೆ. ಪಕ್ಕದ ಕಲ್ಲಿನ ಕೊಳದಲ್ಲಿ ಚಿಲುಮೆಯ ನೀರು ಈಗಲೂ ತಿಳಿಯಾಗಿದೆ. ಹರಮುಖ್‌ನ ಸರೋವರಗಳಿಗೆ ಹೋಗುವವರು ಹಿಂದೆ ಇಲ್ಲಿಂದಲೇ ಹೊರಡುತ್ತಿದ್ದರು. ನಾವು ಆ ದಾರಿಯ ಕೊನೆಯಿಂದ ಬಂದಿದ್ದೆವು.

ಗಂಗಾಬಲ್ ನೀರು ನಂದ್‌ಕೋಲ್‌ಗೆ, ಅಲ್ಲಿಂದ ವಾಂಗತ್ ಹೊಳೆಯಾಗಿ ನಾರಾನಾಗ್ ಪಕ್ಕದಲ್ಲೇ ಇಳಿದು ಸಿಂಧ್ ಸೇರುತ್ತದೆ. ಸಿಂಧ್ ಝೇಲಂಗೆ. ಅತ್ತ ಕಿಶನ್‌ಸರ್ ನೀರು ಗುರೇಜ್, ಶಾರದಾ, ಟೀತ್ವಾಲ್ ಸುತ್ತಿ ಮುಜಫ್ಫರಾಬಾದ್‌ನಲ್ಲಿ ಅದೇ ಝೇಲಂಗೆ ಬಂದು ಬೀಳುತ್ತದೆ. ಕಾರಿನಲ್ಲಿ ಕೂತು ಇದನ್ನು ತಂಗಿಗೆ ವಿವರಿಸುತ್ತಿದ್ದೆ. ಅವಳು ಅರ್ಧ ಕೇಳಿ ನಿದ್ದೆ ಹೋದಳು. ಗೈಡ್ ಕಂಗನ್‌ನಲ್ಲಿ ಇಳಿಯುವ ಮುಂಚೆ ಅವರ ಮನೆಯಲ್ಲಿ ಎಲ್ಲರಿಗೂ ಚಹಾ ಕುಡಿಸಿದರು, ಅಂಗಳದ ಮರದ ವಾಲ್‌ನಟ್ ಕಟ್ಟಿಕೊಟ್ಟರು.

ಹೋಗುವವರಿಗೆ ಒಂದೆರಡು ಮಾತು. ಬೇರೆ ರಾಜ್ಯದ ಪ್ರೀಪೇಡ್ ಸಿಮ್ ಇಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಡ್ ಬೇಕು. ಬೆಟ್ಟದ ಮೇಲೆ ಅದೂ ಸಿಗುವುದಿಲ್ಲ. ಗುರುತಿನ ಚೀಟಿಯ ಮೂಲ ಪ್ರತಿ ಇಟ್ಟುಕೊಳ್ಳಿ. ದಾರಿ ತೆರೆದಿದೆಯೇ ಅಂತ ಹೊರಡುವ ಮುಂಚೆ ಕೇಳಿ ತಿಳಿದುಕೊಳ್ಳಿ, ಗಡಿಯ ಹತ್ತಿರದ ಜಾಗ ಇದು. ತಲೆನೋವು, ವಾಂತಿ ಶುರುವಾದರೆ ಮುಚ್ಚಿಡಬೇಡಿ, ತಕ್ಷಣ ಗೈಡ್‌ಗೆ ಹೇಳಿ. ಗಡ್‌ಸರ್‌ನ ದಿನ ಕತ್ತಲಿರುವಾಗಲೇ ಎದ್ದುಬಿಡಿ.

ನಾನು ಇನ್ನು ಟೀತ್ವಾಲ್‌ಗೆ ಹೋಗಬೇಕು. ಶ್ರೀನಗರದಿಂದ ಕುಪ್ವಾರ ದಾಟಿ, ಸಾಧನಾ ಪಾಸ್ ಹತ್ತಿ ಇಳಿದರೆ ಸಿಗುತ್ತದೆ. ರಸ್ತೆ ಇದೆ, ನಡೆಯಬೇಕಾಗಿಲ್ಲ. ಅಮ್ಮನಿಗೆ ಫೋನ್‌ನಲ್ಲಿ ಎಲ್ಲ ಹೇಳಿದಾಗ ಅವರು ಸರೋವರದ ಬಗ್ಗೆ ಜಾಸ್ತಿ ಕೇಳಲಿಲ್ಲ. ಆ ಊರಿನಲ್ಲಿ ಉಳಿದುಕೊಳ್ಳಲು ಜಾಗ ಇದೆಯಾ, ಚಳಿಗೆ ಎಷ್ಟು ಸ್ವೆಟರ್ ಬೇಕು ಅಂತ ಕೇಳಿದರು.